ಹತ್ತಕ್ಕೆ ಚಿಲ್ಲರೆ: ಕ್ರಿಯಾ ಸಂಶೋಧನೆ ಕುರಿತು ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಪ್ರಾಂಶುಪಾಲರು ಮತ್ತು ಉಪನ್ಯಾಸಕರು,
ಹಾಗೂ ಶಿಕ್ಷಕರ ತರಬೇತಿಯ ಹೊಣೆ ಹೊತ್ತ ರಾಜ್ಯ ಮಟ್ಟದ ಅಧಿಕಾರಿಗಳು,
ಕರ್ನಾಟಕ.

ವಿಷಯ: ಶಿಕ್ಷಕರ ಕ್ರಿಯಾ ಸಂಶೋಧನೆಯನ್ನು ನಮೂನೆಯಿಂದ ಬಿಡಿಸಿ ತರಗತಿಗೆ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ಫೆಬ್ರವರಿ ಕೊನೆಯಲ್ಲಿ ನಾನು ಸಲ್ಲಿಸಿದ್ದ ಹನ್ನೊಂದು ಪುಟಗಳ ಕೈಬರಹದ ಕ್ರಿಯಾ ಸಂಶೋಧನಾ ವರದಿಯೊಂದು, ಅಂದರೆ ನನ್ನ ತರಗತಿಯ ತೊಡಕೊಂದನ್ನು ನಾನೇ ಹುಡುಕಿ ಸರಿಪಡಿಸಲು ಯತ್ನಿಸಿದ ದಾಖಲೆ, ಎರಡು ವಾರದ ನಂತರ ವಾಪಸು ಬಂತು. ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ನಾಲ್ಕು ವಾಕ್ಯಗಳಿದ್ದವು. "ಪ್ರಾಕ್ಕಲ್ಪನೆ ಇಲ್ಲ. ಸ್ತಂಭಾಲೇಖ ಇಲ್ಲ. ಫಲಿತಾಂಶ ತೃಪ್ತಿಕರವಾಗಿಲ್ಲ. ಮಾದರಿ ವರದಿ ನೋಡಿಕೊಂಡು ಪುನಃ ಸಲ್ಲಿಸಿ." ಮೊದಲ ಎರಡು ಮಾತುಗಳನ್ನು ನಾನು ಒಪ್ಪಿಕೊಳ್ಳುತ್ತೇನೆ, ಫಲಿತಾಂಶದ ಬಗ್ಗೆ ಮುಂಚೆಯೇ ಬರೆದಿಡುವ ಊಹೆಯೂ ಕಂಬಗಳ ನಕ್ಷೆಯೂ ನಿಜವಾಗಿಯೂ ಇರಲಿಲ್ಲ. ಈ ಪತ್ರ ಬರೆಯುವಂತೆ ಮಾಡಿದ್ದು ಮೂರನೆಯದು. ನಾಲ್ಕನೆಯದರ ಕಥೆಯನ್ನು ಮುಂದೆ ಹೇಳುತ್ತೇನೆ.

ನಾನು ಇಬ್ಬರೇ ಶಿಕ್ಷಕಿಯರಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯವಳು. ನಲಿಕಲಿ, ಅಂದರೆ ಗುಂಪುಗಳಲ್ಲಿ ಕಾರ್ಡು ಹಿಡಿದು ಕಲಿಯುವ ಪದ್ಧತಿಯ, ಒಂದರಿಂದ ಮೂರರವರೆಗಿನ ಮಕ್ಕಳನ್ನು ನನ್ನ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ. ನಾಲ್ಕು ಮತ್ತು ಐದನೇ ತರಗತಿಯ 23 ಮಕ್ಕಳು ಒಂದೇ ಕೋಣೆಯಲ್ಲಿ ನನ್ನೊಂದಿಗಿರುತ್ತಾರೆ. ಯಾರ ಮೇಲೂ ದೂರು ಕೊಡುವ ಉದ್ದೇಶ ನನಗಿಲ್ಲವಾದ್ದರಿಂದ ಊರನ್ನೂ ಜಿಲ್ಲೆಯನ್ನೂ ಹೆಸರಿಸುತ್ತಿಲ್ಲ. ನನ್ನ ವರದಿಯನ್ನು ವಾಪಸು ಕಳಿಸಿದವರು ತಮಗೆ ಮೇಲಿನಿಂದ ಬಂದ ನಮೂನೆಯನ್ನು ಪಾಲಿಸಿದ್ದಾರೆ, ಅಷ್ಟೆ. ನನ್ನ ತಕರಾರು ಆ ನಮೂನೆಯ ಜೊತೆ.

ಆ ವರದಿಯಲ್ಲಿ ಏನಿತ್ತು ಎಂಬುದನ್ನು ಮೊದಲು ಹೇಳಬೇಕು.

ಜುಲೈ ತಿಂಗಳಲ್ಲಿ ದಶಕ ಸಹಿತ ವ್ಯವಕಲನದ, ಅಂದರೆ ಹತ್ತರ ಸ್ಥಾನದಿಂದ ತಂದು ಕಳೆಯುವ ಲೆಕ್ಕಗಳನ್ನು ಕೊಟ್ಟಿದ್ದೆ. 52ರಲ್ಲಿ 27 ಕಳೆಯಿರಿ ಎಂದರೆ 23 ಮಕ್ಕಳಲ್ಲಿ 14 ಮಂದಿ 35 ಎಂದು ಬರೆದಿದ್ದರು. ಪ್ರತಿ ವರ್ಷವೂ ಕಾಣುವ ತಪ್ಪು ಇದು. ನಾನೂ ಪ್ರತಿ ವರ್ಷ "ಅಭ್ಯಾಸ ಸಾಲದು" ಎಂದು ಷರಾ ಬರೆದು ಇನ್ನೂ ಇಪ್ಪತ್ತು ಲೆಕ್ಕ ಕೊಡುತ್ತಿದ್ದೆ. ಈ ಸಲ ಉತ್ತರಗಳನ್ನು ಮತ್ತೆ ನೋಡಿದಾಗ ಒಂದು ವಿಷಯ ಹೊಳೆಯಿತು. ಹದಿನಾಲ್ಕು ಮಂದಿ ಹದಿನಾಲ್ಕು ಬಗೆಯಾಗಿ ತಪ್ಪು ಮಾಡಿರಲಿಲ್ಲ, ಒಂದೇ ಬಗೆಯಾಗಿ ಮಾಡಿದ್ದರು. ಮೇಲಿನ 2ರಲ್ಲಿ ಕೆಳಗಿನ 7 ಕಳೆಯುವ ಬದಲು 7ರಲ್ಲಿ 2 ಕಳೆದು 5 ಬರೆದಿದ್ದರು. ಗಮನವಿಲ್ಲದ ಮಗುವಿನ ಉತ್ತರ ಎತ್ತೆತ್ತಲೋ ಹೋಗುತ್ತದೆ. ಇವರ ಉತ್ತರಗಳು ಎಲ್ಲೂ ದಾರಿ ತಪ್ಪಿರಲಿಲ್ಲ. ಅಂದರೆ ಅವರೆಲ್ಲ ಯಾವುದೋ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದರು.

ಆ ನಿಯಮ ಯಾವುದು ಎಂದು ಕೇಳಲು ಮಧ್ಯಾಹ್ನದ ಬಿಸಿಯೂಟದ ನಂತರ ದಿನಕ್ಕೆ ಮೂವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲೆಕ್ಕ ಮಾಡುತ್ತಾ ಗಟ್ಟಿಯಾಗಿ ಹೇಳಿರಿ ಎಂದೆ. ತಿದ್ದಬಾರದು ಎಂದು ನನಗೆ ನಾನೇ ಕಟ್ಟುನಿಟ್ಟು ಹಾಕಿಕೊಂಡಿದ್ದೆ. ಹದಿನೇಳು ವರ್ಷ ತಿದ್ದಿಯೇ ಬದುಕಿದವಳಿಗೆ ಅದು ಸುಲಭವಾಗಿರಲಿಲ್ಲ. ಎರಡನೆಯ ದಿನ ಒಬ್ಬ ಹುಡುಗಿ, "ಅಕ್ಕೋರೆ, ಚಿಕ್ಕದರಲ್ಲಿ ದೊಡ್ಡದು ಹೋಗುವುದಿಲ್ಲ ಎಂದು ನೀವೇ ಹೇಳಿದ್ದೀರಲ್ಲ, ಅದಕ್ಕೇ ದೊಡ್ಡದರಲ್ಲಿ ಚಿಕ್ಕದನ್ನು ಕಳೆದೆ" ಎಂದಳು.

ಹೌದು, ನಾನೇ ಹೇಳಿದ್ದೆ. ಹೇಳಿದ ಮೇಲೆ "ಆದ್ದರಿಂದ ಪಕ್ಕದ ಮನೆಯಿಂದ ಒಂದು ಸಾಲ ತರಬೇಕು" ಎಂದೂ ಸೇರಿಸಿದ್ದೆ. ಅದು ಅವಳ ತಲೆಯಲ್ಲಿ ಉಳಿದಿರಲಿಲ್ಲ. ಇನ್ನೊಬ್ಬ ಹುಡುಗನಿಗೆ ಸಾಲದ ಮಾತು ನೆನಪಿತ್ತು, ಆದರೆ ಅವನ ಸಂಕಟವೇ ಬೇರೆ. "ಒಂದು ತಂದರೆ ಹತ್ತು ಯಾಕಾಗುತ್ತದೆ? ಮತ್ತೆ ಅದನ್ನು ವಾಪಸು ಕೊಡುವುದು ಯಾವಾಗ?" ಅವನ ಮನೆಯಲ್ಲಿ ಸಾಲ ಎಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತು. ತಂದ ಸಾಲ ಒಂದೇ ದಿನದಲ್ಲಿ ಹತ್ತಾಗುವುದಿಲ್ಲ, ಮತ್ತು ಕೊಟ್ಟ ಸಾಲವನ್ನು ವಾಪಸು ಕೇಳದವನನ್ನು ಅವನು ನೋಡಿಲ್ಲ. ಹದಿನೇಳು ವರ್ಷಗಳಿಂದ ನಾನು ಬಳಸುತ್ತಾ ಬಂದ ಹೋಲಿಕೆಯನ್ನು ಒಂಬತ್ತು ವರ್ಷದ ಹುಡುಗ ಎರಡು ಪ್ರಶ್ನೆಗಳಲ್ಲಿ ಕೆಡವಿ ಹಾಕಿದ.

ಆ ವಾರದಿಂದ "ಸಾಲ" ಎಂಬ ಪದವನ್ನು ನಿಲ್ಲಿಸಿದೆ. "ಹೋಗುವುದಿಲ್ಲ" ಎಂಬ ಮಾತನ್ನೂ ನಿಲ್ಲಿಸಿದೆ. ಬದಲಿಗೆ ರಟ್ಟಿನಲ್ಲಿ ಹತ್ತರ ನೋಟು, ಒಂದರ ನಾಣ್ಯಗಳನ್ನು ಮಾಡಿ ಅಂಗಡಿ ಹೂಡಿದೆವು. 52 ರೂಪಾಯಿ ಎಂದರೆ ಐದು ನೋಟು, ಎರಡು ನಾಣ್ಯ. ಅಂಗಡಿಯವನಿಗೆ 27 ಕೊಡಬೇಕು, ಕೈಯಲ್ಲಿ ಏಳು ನಾಣ್ಯವಿಲ್ಲ. ಏನು ಮಾಡುತ್ತೀರಿ? ತಂದೆಯ ಪೆಟ್ಟಿಗೆ ಅಂಗಡಿಯಲ್ಲಿ ಸಂಜೆ ಕೂರುವ ಹುಡುಗನೊಬ್ಬ ತಲೆಯೆತ್ತದೆ "ಹತ್ತಕ್ಕೆ ಚಿಲ್ಲರೆ ಮಾಡಿಸುವುದು" ಎಂದ. ಆ ಪದ ನನ್ನದಲ್ಲ, ಅವನದು. ಚಿಲ್ಲರೆ ಮಾಡಿಸಿದರೆ ಹಣ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ, ಯಾರಿಗೂ ಏನನ್ನೂ ವಾಪಸು ಕೊಡಬೇಕಾಗಿಲ್ಲ. ಅಂಕಿಯ ಮೇಲೆ ಗೆರೆ ಎಳೆದು ಬರೆಯುವುದನ್ನು ಎರಡು ವಾರ ಮುಟ್ಟಲೇ ಇಲ್ಲ.

ಆಗಸ್ಟ್ ಕೊನೆಗೆ ಬೇರೆ ಅಂಕಿಗಳ ಹೊಸ ಪತ್ರಿಕೆ ಕೊಟ್ಟೆ. ಹಳೆಯ ತಪ್ಪು ನಾಲ್ವರಲ್ಲಿ ಉಳಿದಿತ್ತು. ನಮೂನೆಯ ಪ್ರಕಾರ ಸಂಶೋಧನೆ ಇಲ್ಲಿಗೆ ಮುಗಿಯಬೇಕು. 14ರಿಂದ 4, ಒಳ್ಳೆಯ ಸ್ತಂಭಾಲೇಖ ಬರುತ್ತಿತ್ತು. ಆದರೆ ಪಾಠ ಮುಗಿದ ಮರುದಿನದ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ದಸರಾ ರಜೆ ಕಳೆದು ಬಂದ ಮೂರನೆಯ ದಿನ, ಮುಂಚೆ ಹೇಳದೆ, ಮತ್ತೊಂದು ಪತ್ರಿಕೆ ಕೊಟ್ಟೆ. ನಾಲ್ಕು ಇದ್ದದ್ದು ಏಳಾಗಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಸೊನ್ನೆಯಿಂದ ಬಂತು. 300ರಲ್ಲಿ 128 ಕಳೆಯಿರಿ ಎಂದರೆ ಚಿಲ್ಲರೆ ಚೆನ್ನಾಗಿ ಕಲಿತ ಮಕ್ಕಳೂ 182 ಎಂದು ಬರೆದಿದ್ದರು. ನೂರರ ನೋಟನ್ನು ಹತ್ತು ಹತ್ತರ ನೋಟುಗಳನ್ನಾಗಿ ಮಾಡಿದ್ದರು, ಅದರಲ್ಲೊಂದನ್ನು ನಾಣ್ಯಗಳಾಗಿ ಮಾಡಿದ್ದರು, ಆದರೆ ಹಾಗೆ ಮಾಡಿದಾಗ ಕೈಯಲ್ಲಿ ಒಂಬತ್ತೇ ನೋಟು ಉಳಿದಿದೆ ಎಂಬುದನ್ನು ಮರೆತಿದ್ದರು. ಮತ್ತೆ ಅಂಗಡಿ ಹೂಡಿದೆವು, ಈ ಸಲ ಎರಡು ಬಾರಿ ಚಿಲ್ಲರೆ ಮಾಡಿಸುವ ಅಂಗಡಿ. ನವೆಂಬರ್ ಕೊನೆಗೆ ಹಳೆಯ ತಪ್ಪು ಮೂವರಲ್ಲಿ ಉಳಿಯಿತು. ಸೊನ್ನೆಯಿರುವ ಲೆಕ್ಕ ಸರಿಯಾಗಿ ಬಂದದ್ದು 23ರಲ್ಲಿ 11 ಮಂದಿಗೆ ಮಾತ್ರ. ಹಳೆಯ ತಪ್ಪು ಉಳಿದ ಆ ಮೂವರಲ್ಲಿ ಇಬ್ಬರು ಕಬ್ಬು ಕಡಿಯಲು ಹೋದ ತಂದೆತಾಯಿಯ ಜೊತೆ ವಾರಗಟ್ಟಲೆ ಊರಲ್ಲಿರಲಿಲ್ಲ. ಮೂರನೆಯವಳು ಒಂದು ದಿನವೂ ತಪ್ಪಿಸಿದವಳಲ್ಲ. ಅವಳಿಗೆ ಯಾಕೆ ಬರಲಿಲ್ಲ ಎಂದು ನನಗೆ ತಿಳಿಯಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದೆ.

ಇದೇ "ತೃಪ್ತಿಕರವಾಗಿಲ್ಲ" ಎನಿಸಿಕೊಂಡ ಫಲಿತಾಂಶ.

ಇನ್ನು ಮಾದರಿ ವರದಿಯ ಕಥೆ. ನನಗೆ ಕೊಟ್ಟದ್ದು ಸ್ಪೈರಲ್ ಬೈಂಡಿಂಗ್ ಮಾಡಿಸಿದ ಅರವತ್ತು ಪುಟಗಳ ಪುಸ್ತಕ. ಓದುವುದರಲ್ಲಿ ಹಿಂದುಳಿದ ಹತ್ತು ಮಕ್ಕಳ ಬಗ್ಗೆ. ಪೀಠಿಕೆಯಲ್ಲಿ ಶಿಕ್ಷಣದ ಮಹತ್ವ, ನಂತರ ಸಮಸ್ಯೆಯ ಹೇಳಿಕೆ, ಉದ್ದೇಶಗಳು, ಸಂಭವನೀಯ ಕಾರಣಗಳು, ಪೂರ್ವ ಪರೀಕ್ಷೆ, ಕ್ರಿಯಾ ಯೋಜನೆ, ಉತ್ತರ ಪರೀಕ್ಷೆ, ಬಣ್ಣದ ಸ್ತಂಭಾಲೇಖ. ಮೂವತ್ತು ದಿನಗಳಲ್ಲಿ ಹತ್ತೂ ಮಕ್ಕಳು ಸರಾಗವಾಗಿ ಓದಿದ್ದರು. ಸಂಭವನೀಯ ಕಾರಣಗಳ ಪಟ್ಟಿಯಲ್ಲಿ ಪೋಷಕರ ಅನಕ್ಷರತೆ, ಬಡತನ, ಗೈರುಹಾಜರಿ, ಮೊಬೈಲ್ ಎಲ್ಲವೂ ಇದ್ದವು, ಶಿಕ್ಷಕರು ಕಲಿಸಿದ ರೀತಿ ಇರಲಿಲ್ಲ. ನಲವತ್ತೊಂದನೆಯ ಪುಟದಲ್ಲಿ ಶಾಲೆಯ ಹೆಸರು ಬದಲಾಗಿತ್ತು. ಹಿಂದಿನ ಯಾವುದೋ ವರದಿಯಿಂದ ಇಳಿಸಿಕೊಳ್ಳುವಾಗ ಅಲ್ಲೊಂದು ಕಡೆ ತಿದ್ದುವುದು ಮರೆತುಹೋಗಿತ್ತು. ಹತ್ತು ಮಕ್ಕಳಲ್ಲಿ ಒಬ್ಬರ ನೋಟ್‌ಬುಕ್ಕಿನ ಒಂದು ಸಾಲೂ ಅರವತ್ತು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಅದನ್ನು ಬರೆದ ಶಿಕ್ಷಕರನ್ನು ದೂರಲಾರೆ, ಏಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಅಂಥದೊಂದನ್ನು ಸಲ್ಲಿಸಿದ್ದೇನೆ. ಮಾರ್ಚ್ 31ರೊಳಗೆ ಪ್ರತಿ ಸಮೂಹದಿಂದ (ಅಕ್ಕಪಕ್ಕದ ಶಾಲೆಗಳ ಗುಂಪಿನಿಂದ) ಇಂತಿಷ್ಟು ವರದಿ ಬರಬೇಕು ಎಂಬ ಸುತ್ತೋಲೆ ಬಂದಿತ್ತು. ಪಟ್ಟಣದ ಜೆರಾಕ್ಸ್ ಅಂಗಡಿಯವನ ಕಂಪ್ಯೂಟರ್‌ನಲ್ಲಿ ವಿಷಯವಾರು ಕಡತಗಳು ತಯಾರಿದ್ದವು. ಹೆಸರು, ಶಾಲೆ, ಮಕ್ಕಳ ಸಂಖ್ಯೆ ಹೇಳಿದರೆ ಸಾಕು. ಬೈಂಡಿಂಗ್ ಸೇರಿ ಮುನ್ನೂರು ರೂಪಾಯಿ ಕೊಟ್ಟೆ, ನನ್ನ ಮಕ್ಕಳೆಲ್ಲರೂ ಕಾಗದದ ಮೇಲೆ ಪಾಸಾದರು, ಪ್ರಮಾಣಪತ್ರವೂ ಬಂತು. ಅದು ಈಗಲೂ ಬೀರುವಿನಲ್ಲಿದೆ. ಶಿಕ್ಷಕರು ನಕಲು ಮಾಡುತ್ತಾರೆ ಎಂದು ತಾವು ಸಭೆಗಳಲ್ಲಿ ಹೇಳುವುದು ಸುಳ್ಳಲ್ಲ. ಆದರೆ ಗೆದ್ದ ಕಥೆಯನ್ನು ಮಾತ್ರ ಸ್ವೀಕರಿಸುವ ಕಡೆ ಎಲ್ಲರೂ ಗೆದ್ದ ಕಥೆಯನ್ನೇ ತರುತ್ತಾರೆ, ಇಲ್ಲದಿದ್ದರೆ ಕೊಂಡು ತರುತ್ತಾರೆ.

ಕ್ರಿಯಾ ಸಂಶೋಧನೆಗೆ ಮೂಲದಲ್ಲಿ ಇಂಥ ಸ್ವರೂಪ ಇರಲಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 1940ರ ದಶಕದಲ್ಲಿ ಅಮೆರಿಕದಲ್ಲಿ ಕರ್ಟ್ ಲೆವಿನ್ ಈ ಹೆಸರನ್ನು ಬಳಕೆಗೆ ತಂದಾಗ ಅವರ ಮುಂದಿದ್ದದ್ದು ಸಮುದಾಯಗಳ ನಡುವಿನ ಸಂಬಂಧದ ಪ್ರಶ್ನೆಗಳು. ಯೋಜಿಸು, ಮಾಡು, ಏನಾಯಿತೆಂದು ನೋಡು, ಅದರಿಂದ ಮತ್ತೆ ಯೋಜಿಸು ಎಂಬ ಸುತ್ತು ಅವರದು. 1953ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸ್ಟೀಫನ್ ಕೋರಿ ಅದನ್ನು ಶಾಲೆಗೆ ತಂದರು. ಬೇರೆಯವರು ಮಾಡಿದ ಸಂಶೋಧನೆಯನ್ನು ಓದಿಸಿದರೆ ಪಾಠ ಬದಲಾಗುವುದು ಅಪರೂಪ, ಶಿಕ್ಷಕರು ತಮ್ಮ ಪ್ರಶ್ನೆಯನ್ನು ತಾವೇ ಬೆನ್ನಟ್ಟಿದರೆ ಬದಲಾಗುತ್ತದೆ ಎಂಬುದು ಅವರ ವಾದ. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಶಿಕ್ಷಕರನ್ನೇ ಸಂಶೋಧಕರೆಂದು ಕರೆದರು. ಬಿ.ಇಡಿ. ಪರೀಕ್ಷೆಗೆ ನಾವು ಇದನ್ನೆಲ್ಲ ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೇವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ತಮ್ಮ ಸಂಸ್ಥೆಗಳ ಕರ್ತವ್ಯಗಳಲ್ಲಿಯೂ ಕ್ರಿಯಾ ಸಂಶೋಧನೆ ಸೇರಿದೆ.

ದೂರದ ಹೆಸರುಗಳು ಹಾಗಿರಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿಕಲಿ ಶುರುವಾದದ್ದು ಹೇಗೆ? ಯುನಿಸೆಫ್ ನೆರವಿತ್ತು, ನಿಜ. ಆದರೆ ಆಂಧ್ರಪ್ರದೇಶದ ರಿಷಿವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ ನೋಡಿಬಂದು, ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ತಯಾರಿಸಿ, ತರಗತಿಯಲ್ಲಿ ಬಳಸಿ ನೋಡಿ ತಿದ್ದಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. ಅವರು ಮಾಡಿದ ಕೆಲಸ ಮುಂದೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ತಲುಪಿತು. ಅವರನ್ನು ಮೊದಲ ವರ್ಷವೇ ಯಾರಾದರೂ ಪ್ರಾಕ್ಕಲ್ಪನೆ ಎಲ್ಲಿ ಎಂದು ಕೇಳಿದ್ದರೆ ಇವತ್ತು ನನ್ನ ಪಕ್ಕದ ಕೋಣೆಯಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡು ಹುಡುಕುತ್ತಿರಲಿಲ್ಲ.

ಹಾಗೆಂದು ಮನಬಂದಂತೆ ಮಾಡಿ ಸಂಶೋಧನೆ ಎನ್ನೋಣ ಎಂದು ನಾನು ಕೇಳುತ್ತಿಲ್ಲ. ಶಿಸ್ತು ಬೇಕು. ನನ್ನ ಅನುಭವದಲ್ಲಿ ಆ ಶಿಸ್ತು ಮೂರು ಕಡೆ ಬೇಕಾಯಿತು. ಪ್ರಶ್ನೆ ಸಣ್ಣದಿರಬೇಕು. "ಗಣಿತದಲ್ಲಿ ಹಿಂದುಳಿಯುವಿಕೆ" ಎಂಬುದು ನನ್ನ ಕೈಗೆ ಸಿಗುವುದಿಲ್ಲ, "52ರಲ್ಲಿ 27 ಕಳೆದರೆ ಇವರಿಗೆ 35 ಯಾಕೆ ಬರುತ್ತದೆ" ಎಂಬುದು ಸಿಗುತ್ತದೆ. ಎರಡನೆಯದು, ಅಂದಂದಿನ ದಾಖಲೆ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಸಂಜೆ ಬಸ್ಸಿಗೆ ಕಾಯುವಾಗ ಮೂರು ಸಾಲು ಬರೆಯುತ್ತಿದ್ದೆ, ಮಕ್ಕಳ ಮಾತನ್ನು ಅವರ ಮಾತಿನಲ್ಲೇ. ತಿಂಗಳು ಕಳೆದ ಮೇಲೆ ನೆನಪಿನಿಂದ ಬರೆದರೆ ಮಕ್ಕಳೆಲ್ಲ ನಮ್ಮ ಭಾಷೆಯಲ್ಲಿ ಮಾತಾಡಿಬಿಡುತ್ತಾರೆ. ಮೂರನೆಯದು, ನನ್ನನ್ನು ನಾನು ಮೋಸ ಮಾಡಿಕೊಳ್ಳದಂತೆ ನೋಡಿಕೊಳ್ಳುವುದು. ಅದಕ್ಕಾಗಿಯೇ ದಸರಾ ನಂತರದ ಪತ್ರಿಕೆ, ಅದಕ್ಕಾಗಿಯೇ ಸಹೋದ್ಯೋಗಿಯಿಂದ ಹತ್ತು ಉತ್ತರಪತ್ರಿಕೆ ಮತ್ತೆ ನೋಡಿಸಿದ್ದು. ಅವರು ಎರಡು ಕಡೆ ನನ್ನ ಎಣಿಕೆಯನ್ನು ತಿದ್ದಿದರು, ನನ್ನ ವಿರುದ್ಧವಾಗಿಯೇ.

ನಮ್ಮ ತರಬೇತಿಯಲ್ಲಿ ಒಬ್ಬರು, ಅರ್ಧ ಮಕ್ಕಳಿಗೆ ಹೊಸ ವಿಧಾನದಲ್ಲಿ ಕಲಿಸಿ ಉಳಿದರ್ಧಕ್ಕೆ ಹಳೆಯ ರೀತಿಯಲ್ಲಿ ಕಲಿಸಿದರೆ ಮಾತ್ರ ಹೋಲಿಕೆ ಸಾಧ್ಯ ಎಂದರು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಸರಿಯಿರಬಹುದು. ಆದರೆ 23 ಮಕ್ಕಳನ್ನು ಎರಡು ಪಾಲು ಮಾಡಿ, ತಪ್ಪೆಂದು ನನಗೇ ಗೊತ್ತಾದ ಮಾತನ್ನು ಹನ್ನೊಂದು ಮಂದಿಗೆ ಮತ್ತೆ ಹೇಳುವಷ್ಟು ವಿಜ್ಞಾನಿ ನಾನಲ್ಲ. ನನ್ನ ತೀರ್ಮಾನ ಇಡೀ ರಾಜ್ಯಕ್ಕೆ ಅನ್ವಯಿಸಬೇಕೆಂಬ ಹಟವೂ ನನಗಿಲ್ಲ. ಅದು ಮುಂದಿನ ಜುಲೈನಲ್ಲಿ ನನ್ನ ಕೋಣೆಗೆ ಅನ್ವಯಿಸಿದರೆ ಸಾಕು.

ತಮ್ಮಲ್ಲಿ ನನ್ನ ಕೋರಿಕೆಗಳು ಹೆಚ್ಚಿಲ್ಲ. ಮೊದಲನೆಯದಾಗಿ, ಸಫಲವಾಗದ ವರದಿಯನ್ನು ವಾಪಸು ಕಳಿಸಬೇಡಿ. ಏನು ಮಾಡಿದರೂ ಬಾರದ ಮಗುವಿನ ಬಗ್ಗೆ ಪ್ರಾಮಾಣಿಕವಾಗಿ ಬರೆದ ಎರಡು ಪುಟ, ನೂರಕ್ಕೆ ನೂರು ಗೆದ್ದ ಅರವತ್ತು ಪುಟಗಳಿಗಿಂತ ಪಕ್ಕದ ಶಾಲೆಯ ಶಿಕ್ಷಕರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪುಟಗಳ ಸಂಖ್ಯೆ, ಅಧ್ಯಾಯಗಳ ಹೆಸರು, ಬೈಂಡಿಂಗ್, ಸ್ತಂಭಾಲೇಖ ಇವನ್ನೆಲ್ಲ ಕಡ್ಡಾಯದಿಂದ ತೆಗೆಯಿರಿ. ಕಡ್ಡಾಯ ಏನಾದರೂ ಇರಲೇಬೇಕೆಂದರೆ ಮಕ್ಕಳ ಬರವಣಿಗೆಯ ಮೂರು ಮಾದರಿಗಳಿರಲಿ, ಹೆಸರು ಮರೆಮಾಡಿ. ಅದನ್ನು ಜೆರಾಕ್ಸ್ ಅಂಗಡಿಯವನು ತಯಾರು ಮಾಡಲಾರ.

ಸಮೂಹಕ್ಕೆ ಇಂತಿಷ್ಟು ಎಂಬ ಗುರಿಯನ್ನೂ ಮಾರ್ಚ್ ಗಡುವನ್ನೂ ಕೈಬಿಡಬೇಕು. ಮಾರ್ಚ್‌ನಲ್ಲಿ ಗೊತ್ತಾದದ್ದನ್ನು ಬಳಸಲು ಆ ಮಕ್ಕಳೇ ನಮ್ಮ ಬಳಿ ಉಳಿದಿರುವುದಿಲ್ಲ. ಪ್ರಶಸ್ತಿಗೂ ಇದಕ್ಕೂ ಗಂಟು ಹಾಕಬೇಡಿ. ಇದನ್ನು ಹೇಳುವಾಗ ನನ್ನ ಪ್ರಮಾಣಪತ್ರ ಬೀರುವಿನಿಂದ ಇಣುಕುತ್ತಿದೆ ಎಂಬುದು ನನಗೆ ಗೊತ್ತು.

ಮುಖ್ಯವಾದ ಕೋರಿಕೆ ಸಮಯದ್ದು. ಸಮೂಹ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ನಮ್ಮ ಹೊತ್ತು ಹೋಗುವುದು ಮಾಹಿತಿ ಒಪ್ಪಿಸುವುದರಲ್ಲಿ. ಮಕ್ಕಳ ಮಾಹಿತಿಯ ಎಸ್‌ಎಟಿಎಸ್ ಜಾಲತಾಣದ ಇಂದೀಕರಣ, ಮೊಟ್ಟೆಯ ಲೆಕ್ಕ, ಸಮವಸ್ತ್ರದ ಲೆಕ್ಕ. ಅದರಲ್ಲಿ ಒಂದೇ ಒಂದು ಗಂಟೆಯನ್ನು ಒಬ್ಬ ಶಿಕ್ಷಕರ ಒಂದು ಪ್ರಶ್ನೆಗೆ ಮೀಸಲಿಡಲು ಆದೇಶ ಕೊಡಿ. ನಾನು ಆ 14 ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುತ್ತೇನೆ, ಉಳಿದವರು ನೋಡಲಿ. ಸೊನ್ನೆಯ ಲೆಕ್ಕವನ್ನು ನನಗಿಂತ ಚೆನ್ನಾಗಿ ಕಲಿಸುವವರು ನಮ್ಮ ಸಮೂಹದಲ್ಲೇ ಇರಬಹುದು. ಇಷ್ಟು ವರ್ಷ ಒಟ್ಟಿಗೆ ಚಹಾ ಕುಡಿದರೂ ಅದು ನಮಗೆ ಗೊತ್ತಾಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯನ್ನು ಹೇಳುತ್ತದೆ. ಆ 50ರಲ್ಲಿ ಹತ್ತು ಗಂಟೆಯಾದರೂ ಭಾಷಣ ಕೇಳುವುದರ ಬದಲು ಈ ಮೇಜಿನ ಸುತ್ತ ಕಳೆಯುವಂತಾಗಲಿ.

ಇನ್ನೊಂದು, ನಾವು ಸಲ್ಲಿಸಿದ ವರದಿಗಳು ಎಲ್ಲಿ ಹೋಗುತ್ತವೆ? ಇಷ್ಟು ವರ್ಷಗಳಲ್ಲಿ ನನ್ನ ಕೈಗೆ ಬಂದ ಏಕೈಕ ವರದಿ ಆ ಮಾದರಿ ಪುಸ್ತಕ. ತಮ್ಮ ಗ್ರಂಥಾಲಯಗಳಲ್ಲಿ ಒಂದು ಕಪಾಟನ್ನು ವಿಷಯವಾರು ಜೋಡಿಸಿ ನಮಗೆ ತೆರೆದಿಡಿ. ದಶಕ ಸಹಿತ ವ್ಯವಕಲನದ ಬಗ್ಗೆ ನನಗಿಂತ ಮೊದಲು ಯಾರಾದರೂ ತಲೆಕೆಡಿಸಿಕೊಂಡಿದ್ದರೆ ನನಗೆ ಅರ್ಧ ವರ್ಷ ಉಳಿಯುತ್ತಿತ್ತು.

ಕೊನೆಯದು ಉಪನ್ಯಾಸಕರಲ್ಲಿ. ತಾವು ಶಾಲೆಗೆ ಬಂದಾಗ ಮೊದಲು ದಾಖಲೆಗಳ ಕಡತ ಕೇಳುತ್ತೀರಿ, ಆಮೇಲೆ ಮಕ್ಕಳಿಗೆ ಮಗ್ಗಿ ಕೇಳುತ್ತೀರಿ. ಒಂದು ಸಲ ಏನನ್ನೂ ಕೇಳದೆ ನಲವತ್ತು ನಿಮಿಷ ಕೋಣೆಯ ಹಿಂದೆ ಕುಳಿತು, ನನಗೆ ಕಾಣದ್ದೇನಾದರೂ ಕಂಡರೆ ಹೇಳಿ ಹೋಗಿ. ಪಾಠ ಮಾಡುವವಳಿಗೆ ಎಲ್ಲ 23 ಮುಖಗಳೂ ಒಟ್ಟಿಗೆ ಕಾಣುವುದಿಲ್ಲ.

ವಾಪಸು ಬಂದ ವರದಿಯನ್ನು ನಾನು ಪುನಃ ಸಲ್ಲಿಸುತ್ತಿಲ್ಲ. ಅದು ನನ್ನ ಬಳಿಯೇ ಇದೆ, ಕೆಂಪು ಶಾಯಿಯೊಂದಿಗೆ. ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಈ ವರ್ಷದ ಪ್ರಶ್ನೆ ಬರೆದಿದ್ದೇನೆ: "ಒಬ್ಬನ ಬಳಿ 12 ಗೋಲಿಗಳಿವೆ. ಅವು ಅವನ ತಂಗಿಯ ಬಳಿ ಇರುವುದಕ್ಕಿಂತ 5 ಹೆಚ್ಚು. ತಂಗಿಯ ಬಳಿ ಎಷ್ಟು?" ಎಂದರೆ ಮಕ್ಕಳು 17 ಎನ್ನುತ್ತಾರೆ. "ಹೆಚ್ಚು" ಎಂಬ ಪದ ಕಂಡೊಡನೆ ಕೂಡಿಸುತ್ತಾರೆ. ಹಾಗೆ ಮಾಡಲು ಅವರಿಗೆ ಹೇಳಿಕೊಟ್ಟವರು ಯಾರಿರಬಹುದು ಎಂಬ ಬಗ್ಗೆ ನನಗೊಂದು ಗುಮಾನಿಯಿದೆ. ಗಣಿತದ ಅವಧಿ ಬೆಳಿಗ್ಗೆ ಪ್ರಾರ್ಥನೆಯಾದ ಕೂಡಲೇ. ತಾವು ಬರುವುದಾದರೆ ಮೊದಲೇ ತಿಳಿಸಬೇಕಾಗಿಲ್ಲ.

ಗೌರವಪೂರ್ವಕವಾಗಿ,

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಒಬ್ಬ ಸಹ ಶಿಕ್ಷಕಿ